ಪುಸ್ತಕದ ಅಂಚಿನಲ್ಲಿ ಬರೆದ ಸಮಾಜ ಪಾಠ

ಸರ್ಕಾರ ಬದಲಾದಾಗಲೆಲ್ಲ ನಮ್ಮ ರಾಜ್ಯದಲ್ಲಿ ಒಂದು ಜಗಳ ಗ್ಯಾರಂಟಿ. ಅದು ಪಠ್ಯಪುಸ್ತಕದ ಜಗಳ. ಬರಗೂರು ರಾಮಚಂದ್ರಪ್ಪ ಅವರ ಸಮಿತಿ ಪರಿಷ್ಕರಿಸಿದ ಪುಸ್ತಕಗಳು 2017ರಲ್ಲಿ ಮಕ್ಕಳ ಕೈಗೆ ಬಂದವು. 2022ರಲ್ಲಿ ರೋಹಿತ್ ಚಕ್ರತೀರ್ಥ ಅವರ ಸಮಿತಿ ಅವನ್ನು ಮತ್ತೆ ತಿದ್ದಿತು. 2023ರಲ್ಲಿ ಸರ್ಕಾರ ಬದಲಾಯಿತು, ಕನ್ನಡ ಮತ್ತು ಸಮಾಜ ವಿಜ್ಞಾನದ ಕೆಲವು ಪಾಠಗಳು ಹೋದವು, ಕೆಲವು ಬಂದವು. ಪ್ರತಿ ಸಲವೂ ಪತ್ರಿಕೆಗಳಲ್ಲಿ ಪುಟಗಟ್ಟಲೆ ಬರಹ, ಟಿವಿಯಲ್ಲಿ ಗಂಟೆಗಟ್ಟಲೆ ಚರ್ಚೆ. ತಾಲ್ಲೂಕು ವರದಿಗಾರರಾದ ನಮಗೂ ಕೆಲಸ. ನಾಲ್ಕು ಜನರ ಅಭಿಪ್ರಾಯ ಕಳಿಸಿ, ಫೋಟೋ ಮರೀಬೇಡಿ ಎಂದು ಡೆಸ್ಕಿನಿಂದ ಫೋನು.

ಆ ಜಗಳ ಬೇಡ ಎಂದು ನಾನು ಹೇಳುತ್ತಿಲ್ಲ. ಹದಿನೈದು ವರ್ಷದ ಮಕ್ಕಳು ಯಾರ ಬಗ್ಗೆ ಓದಬೇಕು, ಹೇಗೆ ಓದಬೇಕು ಎನ್ನುವುದು ದೊಡ್ಡ ವಿಷಯವೇ. ಆದರೆ ಇಷ್ಟು ವರ್ಷದ ಅಭಿಪ್ರಾಯ ಸಂಗ್ರಹದಲ್ಲಿ ಒಮ್ಮೆಯೂ ನನ್ನನ್ನು ಯಾರೂ ಕೇಳದ ಪ್ರಶ್ನೆ ಒಂದಿದೆ. ಪುಸ್ತಕ ಶಾಲೆಗೆ ಬಂದ ಮೇಲೆ ಏನಾಗುತ್ತದೆ? ಅದನ್ನು ಹಿಡಿದುಕೊಂಡು ಎಂಟು, ಒಂಬತ್ತು, ಹತ್ತನೇ ತರಗತಿಗೆ ಹೋಗುವ ಸಮಾಜ ಮೇಷ್ಟ್ರು ಅಥವಾ ಟೀಚರು ಅದರಿಂದ ಏನು ಮಾಡುತ್ತಾರೆ? ಪಠ್ಯಕ್ರಮ ಎನ್ನುವುದು ಬೆಂಗಳೂರಿನ ಸಮಿತಿಯ ಮೇಜಿನ ಮೇಲೆ ಅರ್ಧ ಮಾತ್ರ ತಯಾರಾಗುತ್ತದೆ. ಉಳಿದರ್ಧ ತಯಾರಾಗುವುದು ಹಳ್ಳಿಯ ಹೈಸ್ಕೂಲಿನಲ್ಲಿ. ಆ ಉಳಿದರ್ಧದ ಬಗ್ಗೆ ನಾಲ್ಕು ಮಾತು ಬರೆಯಬೇಕು ಅನ್ನಿಸಿದೆ.

ಪೇಟೆಯ ದೊಡ್ಡ ಶಾಲೆಗಳಲ್ಲಿ ಸಮಾಜ ವಿಜ್ಞಾನ ವಿಭಾಗ ಅಂದರೆ ಮೂರ್ನಾಲ್ಕು ಶಿಕ್ಷಕರು, ಒಬ್ಬ ಮುಖ್ಯಸ್ಥರು, ಒಂದು ಕೋಣೆ. ನಮ್ಮ ಕಡೆಯ ಸರ್ಕಾರಿ ಹೈಸ್ಕೂಲಿನಲ್ಲಿ ವಿಭಾಗ ಅಂದರೆ ಒಬ್ಬರೇ ಮನುಷ್ಯ, ಒಂದು ತುಕ್ಕು ಹಿಡಿದ ಬೀರು, ಅದರ ಮೇಲೆ ಸುರುಳಿ ಸುತ್ತಿಟ್ಟ ಏಳೆಂಟು ನಕ್ಷೆ. ಆ ಒಬ್ಬರೇ ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಭೂಗೋಳ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ ಎಂಬ ಆರೂ ಭಾಗ ಮಾಡಬೇಕು. ಎಷ್ಟೋ ಕಡೆ ಜೊತೆಗೆ ಒಂದು ಭಾಷೆಯನ್ನೂ ಕಲಿಸಬೇಕು. ಬಿಸಿಯೂಟದ ಲೆಕ್ಕ, ಮತದಾರರ ಪಟ್ಟಿಯ ಕೆಲಸ, ಜನಗಣತಿ, ಜಾತಿಗಣತಿ ಬಂದಾಗ ಅದೂ ಅವರದೇ ತಲೆಗೆ. ಇಷ್ಟರ ನಡುವೆ 'ಸಮಾಜ ವಿಜ್ಞಾನ ಸಂಘದ ವಾರ್ಷಿಕ ಕಾರ್ಯಕ್ರಮಗಳು' ಎಂದು ಜೂನ್ ತಿಂಗಳಲ್ಲಿ ಒಂದು ಹಾಳೆ ಬರೆದು ಮುಖ್ಯೋಪಾಧ್ಯಾಯರ ಸಹಿ ಹಾಕಿಸಿ ಇಡಬೇಕು. ಆ ಹಾಳೆಯಲ್ಲಿ ಏನಿರುತ್ತದೆ ಎನ್ನುವುದರ ಮೇಲೆ ಒಂದು ಊರಿನ ಮಕ್ಕಳು ತಮ್ಮ ಊರನ್ನು ನೋಡುವ ರೀತಿಯೇ ನಿಂತಿರುತ್ತದೆ ಎಂದರೆ ಅತಿಶಯೋಕ್ತಿ ಅನ್ನಿಸಬಹುದು. ನನ್ನ ಮಟ್ಟಿಗೆ ಅಲ್ಲ.

ನಾನು ಎಸ್ಸೆಸ್ಸೆಲ್ಸಿ ಮುಗಿಸಿದ್ದು 2004ರಲ್ಲಿ, ಸಾಗರ ತಾಲ್ಲೂಕಿನ ಒಂದು ಹಳ್ಳಿ ಹೈಸ್ಕೂಲಿನಲ್ಲಿ. ನಮ್ಮ ಸಮಾಜ ಮೇಷ್ಟ್ರು ಕಡಿಮೆ ಮಾತಿನವರು. ಅವರ ಪಠ್ಯಪುಸ್ತಕ ಮಾತ್ರ ತುಂಬಾ ಮಾತಾಡುತ್ತಿತ್ತು. ಪ್ರತಿ ಪುಟದ ಅಂಚಿನಲ್ಲೂ ಪೆನ್ಸಿಲ್‌ನಿಂದ ಸಣ್ಣ ಅಕ್ಷರ. ಭೂಸುಧಾರಣೆ ಎಂಬ ಪಾಠದ ಪಕ್ಕ 'ಕಾಗೋಡು, ಯಾರ ಅಜ್ಜ ಹೋಗಿದ್ದರು ಕೇಳು' ಎಂದು. ವಿವಿಧೋದ್ದೇಶ ನದಿ ಕಣಿವೆ ಯೋಜನೆ ಎಂಬ ಪಾಠದ ಪಕ್ಕ 'ಮಡೆನೂರು, ಮೇ ತಿಂಗಳು' ಎಂದು. ಪುಸ್ತಕ ಬದಲಾದಾಗ ಅವರು ಹಳೇ ಪುಸ್ತಕದ ಅಂಚಿನ ಟಿಪ್ಪಣಿಗಳನ್ನು ಹೊಸದಕ್ಕೆ ಇಳಿಸಿಕೊಳ್ಳುತ್ತಿದ್ದರು. ಪಠ್ಯಕ್ರಮ ಅಭಿವೃದ್ಧಿ ಎಂಬ ಮಾತು ಆಗ ನಮಗೆ ಗೊತ್ತಿರಲಿಲ್ಲ. ಅದನ್ನು ಮಾಡುವವರನ್ನು ಮಾತ್ರ ದಿನಾ ನೋಡುತ್ತಿದ್ದೆವು.

ಸಾಗರದ ಕಡೆಯವರಲ್ಲದ ಓದುಗರಿಗೆ ಈ ಎರಡು ಹೆಸರಿನ ಬಗ್ಗೆ ಸ್ವಲ್ಪ ಹೇಳಬೇಕು. ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರ ರೈತರು ಸತ್ಯಾಗ್ರಹ ಮಾಡಿದರು. ಗೇಣಿ ಭತ್ತ ಅಳೆಯುವ ಕೊಳಗದ ಅಳತೆಯಿಂದ ಶುರುವಾದ ಜಗಳ, ಉಳುವವನಿಗೆ ಭೂಮಿ ಸೇರಬೇಕು ಎನ್ನುವವರೆಗೆ ಬೆಳೆಯಿತು. ಎಚ್. ಗಣಪತಿಯಪ್ಪ ಅದರ ಮುಂಚೂಣಿಯಲ್ಲಿದ್ದರು. ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ದೇವರಾಜ ಅರಸರ ಕಾಲದಲ್ಲಿ, 1974ರಲ್ಲಿ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯ ಹಿಂದೆ ಇಂತಹ ಹೋರಾಟಗಳ ನೆನಪಿದೆ. ಇನ್ನು ಮಡೆನೂರು. 1948ರಲ್ಲಿ ಮುಗಿದ ಹಿರೇಭಾಸ್ಕರ ಅಣೆಕಟ್ಟು ಇರುವುದು ಅಲ್ಲಿ. ಮುಂದೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದಾಗ ಶರಾವತಿ ಕಣಿವೆಯ ಊರುಗಳ ಜೊತೆ ಆ ಹಳೇ ಅಣೆಕಟ್ಟೂ ಮುಳುಗಿತು. ಬೇಸಿಗೆಯಲ್ಲಿ ಹಿನ್ನೀರು ಇಳಿದರೆ ಅದು ಮತ್ತೆ ಮೇಲೆ ಕಾಣಿಸುತ್ತದೆ. ಒಂದು ಅಣೆಕಟ್ಟು ಇನ್ನೊಂದು ಅಣೆಕಟ್ಟನ್ನು ನುಂಗಿದ್ದನ್ನು ಕಣ್ಣಾರೆ ನೋಡಿದ ಮಕ್ಕಳಿಗೆ 'ಅಣೆಕಟ್ಟುಗಳ ಉಪಯೋಗಗಳನ್ನು ಪಟ್ಟಿ ಮಾಡಿ' ಎಂಬ ಪ್ರಶ್ನೆಗೆ ಉತ್ತರ ಬರೆಯುವಾಗ ಇನ್ನೊಂದು ಪಟ್ಟಿಯೂ ತಲೆಗೆ ಬರುತ್ತದೆ.

ಮೇಷ್ಟ್ರು ಹತ್ತನೇ ತರಗತಿಗೆ ಪ್ರತಿ ವರ್ಷ ಒಂದು ಕೆಲಸ ಕೊಡುತ್ತಿದ್ದರು. ಅದಕ್ಕೆ 'ಮನೆ ಚರಿತ್ರೆ' ಎಂದು ಹೆಸರು. ಇಪ್ಪತ್ತು ಪುಟದ ಒಂದು ನೋಟ್‌ಬುಕ್, ಮೂರೇ ಪ್ರಶ್ನೆ. ನಿಮ್ಮ ಮನೆಯವರು ಈ ಊರಿಗೆ ಎಲ್ಲಿಂದ, ಯಾವಾಗ ಬಂದರು? ಅವರು ಉಳುತ್ತಿದ್ದ ಭೂಮಿ ಯಾರದ್ದು? ಈಗ ನಿಮ್ಮ ಮನೆಯ ಪೆಟ್ಟಿಗೆಯಲ್ಲಿ ಯಾವ ಯಾವ ಕಾಗದ ಇದೆ? ಮೂರನೆಯದಕ್ಕೆ ಒಂದು ಎಚ್ಚರಿಕೆ ಇರುತ್ತಿತ್ತು. 'ಕಾಗದ ಶಾಲೆಗೆ ತರಬೇಡಿ. ನೋಡಿ, ತಾರೀಕು, ನಂಬರು ಬರೆದುಕೊಂಡು, ಹಾಗೇ ಮಡಚಿ ಇಡಿ.' ಆಗ ಆಂತರಿಕ ಅಂಕ ಅನ್ನುವುದು ಇರಲಿಲ್ಲ. ಈ ಕೆಲಸಕ್ಕೆ ಪರೀಕ್ಷೆಯಲ್ಲಿ ಒಂದು ಮಾರ್ಕೂ ಇಲ್ಲ. ಆದರೂ ಯಾರೂ ತಪ್ಪಿಸಿಕೊಳ್ಳುತ್ತಿರಲಿಲ್ಲ. ತಮ್ಮ ಮನೆಯ ಕತೆ ಬರೆಯಲಿಕ್ಕೆ ಯಾರಿಗೆ ಬೇಜಾರು?

ನಾನು ಅಜ್ಜಿಯನ್ನು ಕೇಳಿದೆ. ನಾವು ಈ ಊರಿಗೆ ಯಾವಾಗ ಬಂದದ್ದು? ಅಜ್ಜಿ ಅಡಿಕೆ ಸುಲಿಯುತ್ತಿದ್ದವಳು ಮೆಟ್ಟುಗತ್ತಿಯಿಂದ ಕಣ್ಣೆತ್ತದೆ ಹೇಳಿದಳು. "ನಾವು ಬಂದಿದ್ದಲ್ಲ ಮಗಾ. ನಮ್ಮನ್ನ ತಂದು ಇಳಿಸಿದ್ದು." ಲಾರಿಯಲ್ಲಿ ಬಾಗಿಲು, ಜಂತಿ, ಹೆಂಚು, ಎರಡು ದನ, ಮಡಿಲಲ್ಲಿ ನನ್ನ ದೊಡ್ಡಪ್ಪ. ಕಾಡಿನ ಅಂಚಿನಲ್ಲಿ ಇಳಿಸಿ ಲಾರಿ ವಾಪಸು ಹೋಯಿತಂತೆ. "ಒರಳುಕಲ್ಲು ತರಕ್ಕೆ ಆಗ್ಲಿಲ್ಲ. ಅದು ಈಗ್ಲೂ ನೀರೊಳಗೇ ಐತೆ" ಎಂದಳು. ಮುಳುಗಿದ ಗದ್ದೆ ಒಡೆಯರ ಹೆಸರಲ್ಲಿತ್ತು, ಅಜ್ಜ ಗೇಣಿದಾರ. ಪರಿಹಾರದ ಕಾಗದ ಬಂದದ್ದೂ ಒಡೆಯರ ಹೆಸರಿಗೇ. ಅವಳು ಇದನ್ನು ದೂರಿನ ಹಾಗೆ ಹೇಳಲಿಲ್ಲ. ಮಳೆ ಬಂತು, ಬಿಸಿಲು ಬಂತು ಎನ್ನುವ ಹಾಗೆ ಹೇಳಿದಳು. ನನಗೆ ಅಲ್ಲಿಯವರೆಗೆ ಗೊತ್ತಿದ್ದದ್ದು ಒಂದೇ. ನಮ್ಮ ಮನೆಗೆ ಕರೆಂಟು ಬಂದದ್ದು ನಾನು ಹುಟ್ಟಿದ ಮೇಲೆ. ಆ ನೀರಿನಿಂದ ಓಡುವ ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವ್ಯಾಟ್ ಎಂದು ಭೂಗೋಳದಲ್ಲಿ ಬಾಯಿಪಾಠ ಮಾಡಿದ್ದೆ. ಆ ಎರಡು ಸಂಗತಿಗೂ ಸಂಬಂಧ ಇದೆ ಎಂದು ಅವತ್ತು ತಿಳಿಯಿತು.

ಪೆಟ್ಟಿಗೆಯಲ್ಲಿ ನಮಗೆ ಸಿಕ್ಕಿದ್ದು ಒಂದು ಹಳೇ ರೇಷನ್ ಕಾರ್ಡು, ಎರಡು ಕಂದಾಯ ರಸೀದಿ, ಅಪ್ಪ ಕೊಟ್ಟ ಒಂದು ಅರ್ಜಿಯ ಕಾರ್ಬನ್ ಪ್ರತಿ. ಹಕ್ಕುಪತ್ರ ಇರಲಿಲ್ಲ. ಮರುದಿನ ತರಗತಿಯಲ್ಲಿ ಮೇಷ್ಟ್ರು ಯಾರ ಮನೆಯಲ್ಲಿ ಏನಿದೆ ಎಂದು ಹೆಸರು ಹಿಡಿದು ಕೇಳಲಿಲ್ಲ. ಬೋರ್ಡಿನ ಮೇಲೆ ಮೂರು ಕಂಬ ಹಾಕಿದರು. ಹಕ್ಕುಪತ್ರ ಇರುವ ಮನೆ ಎಷ್ಟು, ಅರ್ಜಿ ಮಾತ್ರ ಇರುವ ಮನೆ ಎಷ್ಟು, ಏನೂ ಇಲ್ಲದ ಮನೆ ಎಷ್ಟು. ಚೀಟಿಯಲ್ಲಿ ಬರೆದು ಕೊಟ್ಟೆವು, ಅವರು ಎಣಿಸಿದರು. ನಡುವಿನ ಕಂಬ ಎಲ್ಲಕ್ಕಿಂತ ಉದ್ದವಾಯಿತು. ನಮ್ಮ ಮನೆಯ ಕತೆ ನಮ್ಮ ಮನೆಯದು ಮಾತ್ರ ಅಲ್ಲ ಎಂದು ಒಂದು ಸ್ತಂಭಾಲೇಖ ಹೇಳಿತು. ಲಿಂಗನಮಕ್ಕಿ ಸಂತ್ರಸ್ತರ ಹಕ್ಕುಪತ್ರದ ಹೋರಾಟ ಇಂದಿಗೂ ಮುಗಿದಿಲ್ಲ, ಪತ್ರಿಕೆ ಓದುವವರಿಗೆಲ್ಲ ಗೊತ್ತು. ನಾನು ಅದನ್ನು ಮೊದಲು ಕಂಡದ್ದು ಪತ್ರಿಕೆಯಲ್ಲಲ್ಲ, ಸಮಾಜ ಪಿರಿಯಡ್ಡಿನಲ್ಲಿ.

ಮುಂದೆ ಪತ್ರಿಕೋದ್ಯಮ ಓದಲು ಹೋದಾಗ ವರದಿಗಾರಿಕೆಯ ಮೊದಲ ಪಾಠ ನನಗೆ ಹೊಸದು ಅನ್ನಿಸಲಿಲ್ಲ. ಯಾರು, ಎಲ್ಲಿ, ಯಾವಾಗ ಕೇಳು. ಹೇಳಿದ್ದನ್ನು ಕೇಳಿಸಿಕೋ. ಆಮೇಲೆ ಕಾಗದ ನೋಡು. ಇದನ್ನೇ ಅಲ್ಲವೇ ಮೇಷ್ಟ್ರು ಇಪ್ಪತ್ತು ಪುಟದ ನೋಟ್‌ಬುಕ್ಕಿನಲ್ಲಿ ಮಾಡಿಸಿದ್ದು? ನಮ್ಮ ಬ್ಯಾಚಿನಲ್ಲಿ ಹಳ್ಳಿಯಿಂದ ಬಂದ ಹಲವರಿಗೆ ಇಂಥ ಒಬ್ಬ ಮೇಷ್ಟ್ರೋ ಟೀಚರೋ ಇದ್ದರು ಎಂಬುದನ್ನು ಹಾಸ್ಟೆಲಿನ ಹರಟೆಯಲ್ಲಿ ಕೇಳಿದ್ದೇನೆ.

ಈ ವಿಷಯ ಶಾಲೆಗೆ ಯಾಕೆ ಬಂತು ಎನ್ನುವುದಕ್ಕೂ ಒಂದು ಚರಿತ್ರೆ ಇದೆ. ನಾವು ಓದುವಾಗ ಅದಕ್ಕೆ 'ಪೌರನೀತಿ' ಎನ್ನುತ್ತಿದ್ದರು. ಈಗಿನ ಮಕ್ಕಳು 'ರಾಜ್ಯಶಾಸ್ತ್ರ' ಎನ್ನುತ್ತಾರೆ. ಇದು ಬರೀ ಹೆಸರಿನ ಬದಲಾವಣೆ ಅಲ್ಲ. ಯಶ್‌ಪಾಲ್ ಅವರ ಅಧ್ಯಕ್ಷತೆಯಲ್ಲಿ ತಯಾರಾದ 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಒಂದು ಮಾತನ್ನು ನೇರವಾಗಿ ಹೇಳಿತು. ಪೌರನೀತಿ ಎಂಬ ವಿಷಯ ನಮ್ಮ ಶಾಲೆಗಳಿಗೆ ಬಂದದ್ದು ಬ್ರಿಟಿಷರ ಕಾಲದಲ್ಲಿ, ಭಾರತೀಯರಲ್ಲಿ ಆಳ್ವಿಕೆಯ ಮೇಲಿನ ನಿಷ್ಠೆ ಕಡಿಮೆಯಾಗುತ್ತಿದ್ದ ಹೊತ್ತಿನಲ್ಲಿ. ಹೇಳಿದಂತೆ ಕೇಳುವ, ಸಾಲಿನಲ್ಲಿ ನಿಲ್ಲುವ, ಕಸ ಬುಟ್ಟಿಗೆ ಹಾಕುವ ಒಳ್ಳೆಯ ಪ್ರಜೆಯನ್ನು ತಯಾರು ಮಾಡುವುದು ಅದರ ಉದ್ದೇಶವಾಗಿತ್ತು. ಹಾಗಾಗಿ ಅದನ್ನು ರಾಜ್ಯಶಾಸ್ತ್ರವಾಗಿ ಬದಲಿಸಿ, ಪ್ರಶ್ನೆ ಕೇಳುವ ನಾಗರಿಕರನ್ನು ಬೆಳೆಸಬೇಕು ಎಂದು ಚೌಕಟ್ಟು ಸೂಚಿಸಿತು. ಶಾಲೆಯ ಕಲಿಕೆಯನ್ನು ಹೊರಗಿನ ಬದುಕಿಗೆ ಜೋಡಿಸಬೇಕು, ಬಾಯಿಪಾಠದಿಂದ ಬಿಡಿಸಬೇಕು, ಕಲಿಕೆ ಪಠ್ಯಪುಸ್ತಕವನ್ನು ದಾಟಬೇಕು ಎಂದಿತು. ನಮ್ಮ ರಾಜ್ಯವೂ 2007ರಲ್ಲಿ ತನ್ನದೇ ಚೌಕಟ್ಟು ಮಾಡಿಕೊಂಡಿತು.

ಇನ್ನೂ ಮೊದಲೇ, 1982ರಲ್ಲಿ ಮಧ್ಯಪ್ರದೇಶದಲ್ಲಿ ಹುಟ್ಟಿದ ಏಕಲವ್ಯ ಎಂಬ ಸಂಸ್ಥೆ ಕೆಲವು ಸರ್ಕಾರಿ ಮಾಧ್ಯಮಿಕ ಶಾಲೆಗಳಲ್ಲಿ ಸಮಾಜ ವಿಜ್ಞಾನವನ್ನು ಬೇರೆ ರೀತಿಯಲ್ಲಿ ಕಲಿಸಿ ತೋರಿಸಿತ್ತು. ಅವರು ಪುಸ್ತಕ ಬದಲಿಸಿ ಸುಮ್ಮನಾಗಲಿಲ್ಲ, ಪರೀಕ್ಷೆಯನ್ನೂ ಬದಲಿಸಿದರು. ಮಕ್ಕಳು ಪುಸ್ತಕ ತೆರೆದಿಟ್ಟುಕೊಂಡೇ ಉತ್ತರ ಬರೆಯುತ್ತಿದ್ದರು. ಪುಸ್ತಕದಲ್ಲಿ ಇರುವುದನ್ನೇ ಕೇಳಿದರೆ ಅದು ಪರೀಕ್ಷೆಯೇ ಅಲ್ಲ ತಾನೇ? ಆಗ ಪ್ರಶ್ನೆ ಕೇಳುವವರೂ ಯೋಚನೆ ಮಾಡಬೇಕಾಗುತ್ತದೆ. ಆ ಕಾರ್ಯಕ್ರಮ ನಿಂತು ಹೋದರೂ ಅದರ ಪಾಠ ಉಳಿದಿದೆ. ಪರೀಕ್ಷೆ ಬದಲಾಗದೆ ಕಲಿಕೆ ಬದಲಾಗುವುದಿಲ್ಲ.

ಈಗ ನನ್ನ ಮಾತಿನ ಮುಖ್ಯ ಭಾಗಕ್ಕೆ ಬರುತ್ತೇನೆ. ಕಳೆದ ಜೂನ್‌ನಲ್ಲಿ ನಮ್ಮ ಜಿಲ್ಲೆಯ ಒಂದು ಸರ್ಕಾರಿ ಹೈಸ್ಕೂಲಿನ ಸಮಾಜ ಟೀಚರು ಫೋನ್ ಮಾಡಿದರು. ಕೆಲಸಕ್ಕೆ ಸೇರಿ ನಾಲ್ಕು ವರ್ಷ ಆಗಿದೆ. "ಸರ್, ನೀವು ಹಿನ್ನೀರಿನ ಊರುಗಳ ಬಗ್ಗೆ ಬರೆದದ್ದು ಓದಿದ್ದೆ. ಈ ವರ್ಷ ನಮ್ಮ ಸಂಘದ ಕಾರ್ಯಕ್ರಮಗಳನ್ನು ಊರಿಗೆ ಸೇರಿಸಿ ಮಾಡಬೇಕು ಅಂತಿದ್ದೇನೆ. ಒಂದು ಶನಿವಾರ ಬರ್ತೀರಾ?" ಎಂದರು. ಹೋದೆ. ನಾನು ತಜ್ಞನಲ್ಲ, ಅವರೇ ಎಲ್ಲ ಯೋಚಿಸಿಟ್ಟಿದ್ದರು. ನಾನು ಕೂತು ನೋಡಿದ್ದು, ನಡುನಡುವೆ ಒಂದೆರಡು ಮಾತು ಸೇರಿಸಿದ್ದು ಅಷ್ಟೇ.

ಅವರ ಹಾಳೆಯಲ್ಲಿ ಎರಡು ಕಂಬ. ಎಡಕ್ಕೆ ಪಠ್ಯಪುಸ್ತಕದ ಪಾಠ, ಬಲಕ್ಕೆ ಊರು. ಜೂನ್‌ನಲ್ಲಿ ಶಾಲಾ ಸಂಸತ್ತಿನ ಚುನಾವಣೆ, ಒಂಬತ್ತನೇ ತರಗತಿಯ ಚುನಾವಣಾ ವ್ಯವಸ್ಥೆಯ ಪಾಠದ ಜೊತೆ. ನಾಮಪತ್ರ, ಪರಿಶೀಲನೆ, ವಾಪಸಾತಿ, ಬೆರಳಿಗೆ ಶಾಯಿ, ಮತ ಎಣಿಕೆಗೆ ಏಜೆಂಟರು, ಸೋತವರಿಂದ ಒಂದು ನಿಮಿಷದ ಭಾಷಣ. ಜುಲೈನಲ್ಲಿ ಊರಿನ ನಕ್ಷೆ. ಭಾರತದ ನಕ್ಷೆಯಲ್ಲಿ ಲಿಂಗನಮಕ್ಕಿ ಗುರುತಿಸುವ ಮೊದಲು ಶಾಲೆಯಿಂದ ಮನೆಯವರೆಗಿನ ಕಾಲುದಾರಿ, ಹಳ್ಳ, ಕಾನು, ಕೆರೆ ಗುರುತಿಸುವುದು. ಆಗಸ್ಟ್‌ನಲ್ಲಿ ಕರ್ನಾಟಕದಲ್ಲಿ ಬ್ರಿಟಿಷ್ ಆಳ್ವಿಕೆಗೆ ಪ್ರತಿರೋಧ ಎಂಬ ಪಾಠ. ಅದರಲ್ಲಿ 1830-31ರ ನಗರ ದಂಗೆ ಬರುತ್ತದೆ. ಕಂದಾಯದ ಭಾರಕ್ಕೆ ರೈತರು ಎದ್ದ ಆ ನಗರ ಇರುವುದು ಪಕ್ಕದ ಹೊಸನಗರ ತಾಲ್ಲೂಕಿನಲ್ಲಿ ಎಂದು ಎಷ್ಟು ಮಕ್ಕಳಿಗೆ ಗೊತ್ತು? ಸೆಪ್ಟೆಂಬರ್‌ನಲ್ಲಿ ಹಿರಿಯರ ಸಂದರ್ಶನ, ಸಾಮೂಹಿಕ ವರ್ತನೆ ಮತ್ತು ಪ್ರತಿಭಟನೆಗಳು ಎಂಬ ಸಮಾಜಶಾಸ್ತ್ರದ ಪಾಠಕ್ಕೆ. ಅಪ್ಪಿಕೋ, ನರ್ಮದೆ ಓದಿದ ಮೇಲೆ ಕಾಗೋಡು ಕೇಳುವುದು. ಅಕ್ಟೋಬರ್‌ನಲ್ಲಿ ದಸರಾ ರಜೆ, ಬ್ಯಾಂಕ್ ಪಾಸ್‌ಬುಕ್ಕು ಮತ್ತು ಸಹಕಾರ ಸಂಘದ ಸಾಲದ ಚೀಟಿ ಓದುವ ಅಭ್ಯಾಸ. ನವೆಂಬರ್‌ನಲ್ಲಿ ಮಕ್ಕಳ ಗ್ರಾಮಸಭೆ, ಗ್ರಾಮೀಣ ಅಭಿವೃದ್ಧಿ ಪಾಠಕ್ಕೆ. ಡಿಸೆಂಬರ್‌ನಲ್ಲಿ ಇದೆಲ್ಲ ಸೇರಿಸಿ ಒಂದು ಗೋಡೆ ಪತ್ರಿಕೆ.

ಇದಕ್ಕೆ ಬೇರೆ ಸಮಯ ಎಲ್ಲಿಂದ ತರ್ತೀರಿ ಎಂದು ಕೇಳಿದೆ. ಅವರು ನಕ್ಕರು. "ಬೇರೆ ಸಮಯ ಬೇಕಾಗಿಲ್ಲ ಸರ್. ಹತ್ತನೇ ತರಗತಿಗೆ 80 ಅಂಕದ ಬರಹ ಪರೀಕ್ಷೆ, 20 ಆಂತರಿಕ ಅಂಕ. ಆ 20 ಅಂಕಕ್ಕೆ ರೂಪಣಾತ್ಮಕ ಮೌಲ್ಯಮಾಪನದ ಚಟುವಟಿಕೆ ಹೇಗೂ ಮಾಡಿಸಲೇಬೇಕು. ಈಗ ಏನಾಗ್ತಿದೆ ಹೇಳಿ. ಪೇಟೆಗೆ ಹೋಗ್ತಾರೆ, ಸ್ಟೇಷನರಿ ಅಂಗಡಿಯಲ್ಲಿ ಗಾಂಧೀಜಿ ಚಾರ್ಟು, ಅಣೆಕಟ್ಟು ಚಾರ್ಟು ತಗೋತಾರೆ, ಕತ್ತರಿಸಿ ಅಂಟಿಸ್ತಾರೆ. ಅದಕ್ಕೂ ಮಾರ್ಕ್ಸ್ ಕೊಡ್ತೇವೆ. ಅದರ ಬದಲು ಇದು." ಪಠ್ಯಕ್ರಮವನ್ನು ಮುರಿಯದೆ, ಅದರಲ್ಲೇ ಇರುವ ಜಾಗವನ್ನು ಹುಡುಕಿ ತುಂಬುವ ಈ ಬುದ್ಧಿವಂತಿಕೆ ನನಗೆ ಹಿಡಿಸಿತು. ಯಾವ ಆದೇಶವೂ ಬೇಕಿಲ್ಲ, ಯಾವ ಅನುದಾನವೂ ಬೇಕಿಲ್ಲ.

ಮಕ್ಕಳ ಗ್ರಾಮಸಭೆಯ ತನಕ ಎಲ್ಲ ಚೆನ್ನಾಗಿಯೇ ನಡೆಯಿತು. ಈ ಸಭೆ ಬಹಳ ಕಡೆ ಹೇಗೆ ನಡೆಯುತ್ತದೆ ಎಂದು ನಮ್ಮಲ್ಲಿ ವರದಿ ಮಾಡಿದವರಿಗೆಲ್ಲ ಗೊತ್ತು. ದೀಪ ಬೆಳಗುವುದು, ಸ್ವಾಗತ, ಅಧ್ಯಕ್ಷರ ಮಾತು, ಒಬ್ಬ ಹುಡುಗ 'ನಮ್ಮ ಶಾಲೆಗೆ ಕಾಂಪೌಂಡ್ ಬೇಕು' ಎನ್ನುವುದು, ಒಬ್ಬ ಹುಡುಗಿ 'ಶೌಚಾಲಯಕ್ಕೆ ನೀರು ಬೇಕು' ಎನ್ನುವುದು, ಬಿಸ್ಕತ್ತು, ಫೋಟೋ. ಅಲ್ಲಿ ಹಾಗಾಗಲಿಲ್ಲ. ಹತ್ತನೇ ತರಗತಿಯ ಒಬ್ಬ ಹುಡುಗಿ ಎದ್ದು ನಿಂತು ಒಂದು ಹಾಳೆ ನೋಡಿಕೊಂಡು ಹೇಳಿದಳು. ನಮ್ಮ ತರಗತಿಯ ಮಕ್ಕಳ ಮನೆಗಳಲ್ಲಿ ಇಷ್ಟು ಮನೆಯವರು 94ಸಿ ಅಡಿಯಲ್ಲಿ ಅರ್ಜಿ ಕೊಟ್ಟಿದ್ದಾರೆ. ಅದರಲ್ಲಿ ಇಷ್ಟು ಮನೆಗೆ ಹಕ್ಕುಪತ್ರ ಸಿಕ್ಕಿದೆ. ಉಳಿದ ಅರ್ಜಿಗಳು ಎಲ್ಲಿವೆ, ಯಾಕೆ ನಿಂತಿವೆ ಎಂದು ಪಂಚಾಯತಿಯವರು ಸಂಬಂಧಪಟ್ಟವರಿಗೆ ಕೇಳಿ ಬರೆಯಬೇಕು. ಅದನ್ನು ಸಭೆಯ ನಡಾವಳಿಯಲ್ಲಿ ದಾಖಲಿಸಬೇಕು.

ಕಂದಾಯ ಜಮೀನಿನಲ್ಲಿ ಮನೆ ಕಟ್ಟಿಕೊಂಡ ಹಳ್ಳಿಯವರಿಗೆ ಹಕ್ಕು ಕೊಡುವ ಕಾನೂನಿನ ಕಲಮು 94ಸಿ. ನಮ್ಮ ಕಡೆ ಎಲ್ಲರ ಬಾಯಲ್ಲೂ ಇರುವ ನಂಬರು ಅದು. ಹುಡುಗಿ ಯಾರನ್ನೂ ಬೈಯಲಿಲ್ಲ. ದನಿ ಏರಿಸಲಿಲ್ಲ. 'ನಡಾವಳಿಯಲ್ಲಿ ದಾಖಲಿಸಬೇಕು' ಎಂದಳಲ್ಲ, ಸಭೆಯಲ್ಲಿ ಒಂದು ನಿಮಿಷ ಯಾರೂ ಮಾತಾಡಲಿಲ್ಲ.

ಸಭೆ ಮುಗಿದ ಮೇಲೆ ಒಬ್ಬರು ಹಿರಿಯರು ಟೀಚರ ಹತ್ತಿರ ಬಂದರು. "ಮೇಡಂ, ಪಾಠ ಮಾಡ್ರಿ. ಮಕ್ಕಳಿಗೆ ಯಾಕೆ ರಾಜಕೀಯ ಕಲಿಸ್ತೀರಿ?" ಎಂದರು. ಟೀಚರು ವಾದ ಮಾಡಲಿಲ್ಲ. ಕೈಯಲ್ಲಿದ್ದ ಪಠ್ಯಪುಸ್ತಕ ತೆರೆದು ಗ್ರಾಮೀಣ ಅಭಿವೃದ್ಧಿಯ ಪಾಠ ತೋರಿಸಿ, "ಇದೇ ಸರ್ ಪಾಠ. ಇದರಲ್ಲೇ ಪ್ರಶ್ನೆ ಬರ್ತದೆ" ಎಂದರು. ಅವರು ಪುಸ್ತಕ ನೋಡಿದರು, ಏನೂ ಹೇಳದೆ ಹೋದರು. ಆದರೆ ವಾರದೊಳಗೆ ಶಾಲೆಗೆ ಬಾಯಿಮಾತಿನ ಸಲಹೆ ಬಂತು. ಇನ್ನು ಮೇಲೆ ಇಂಥ ಕಾರ್ಯಕ್ರಮ ಸಾಕು, ರಿಸಲ್ಟ್ ಕಡೆ ಗಮನ ಕೊಡಿ ಎಂದು. ಡಿಸೆಂಬರ್ ಒಳಗೆ ಪಠ್ಯ ಮುಗಿಸಿ, ಜನವರಿಯಿಂದ ಪುನರಾವರ್ತನೆ, ಬೆಳಿಗ್ಗೆ ಸಂಜೆ ವಿಶೇಷ ತರಗತಿ, ಪಾಸಿಂಗ್ ಪ್ಯಾಕೇಜು. ಗೋಡೆ ಪತ್ರಿಕೆ ಆ ವರ್ಷ ಹೊರಬರಲಿಲ್ಲ.

ಪಾಸಿಂಗ್ ಪ್ಯಾಕೇಜಿನ ಬಗ್ಗೆ ಹಗುರವಾಗಿ ಮಾತಾಡಲು ನನಗೆ ಮನಸ್ಸಿಲ್ಲ. ಹಳ್ಳಿಯ ಹುಡುಗಿಗೆ ಎಸ್ಸೆಸ್ಸೆಲ್ಸಿ ಫೇಲಾದರೆ ಮುಂದೆ ಏನಾಗುತ್ತದೆ ಎಂದು ನಮಗೆಲ್ಲ ಗೊತ್ತು. ಎಷ್ಟೋ ಮನೆಯಲ್ಲಿ ಅಲ್ಲಿಗೆ ಓದು ನಿಂತು ಮದುವೆಯ ಮಾತು ಶುರು. ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಮಾಡಿರುವುದರಿಂದ ಸ್ವಲ್ಪ ಉಸಿರಾಡಲು ಆಗಿದೆ, ನಿಜ. ಆದರೂ 80 ಅಂಕದ ಪತ್ರಿಕೆಯಲ್ಲಿ ಕನಿಷ್ಠ ಅಂಕ ತೆಗೆಸುವುದು ಮೇಷ್ಟ್ರ ಕರ್ತವ್ಯವೇ. ಜಿಲ್ಲೆಗೆ ಎಷ್ಟನೇ ಸ್ಥಾನ ಬಂತು ಎಂದು ಮೊದಲು ಕೇಳುವವರು ನಾವೇ, ಪತ್ರಿಕೆಯವರು. ಫಲಿತಾಂಶದ ದಿನ ಜಿಲ್ಲಾವಾರು ಪಟ್ಟಿ ಹಾಕುತ್ತೇವೆ, ಕೆಳಗೆ ಬಿದ್ದ ಜಿಲ್ಲೆಯ ಅಧಿಕಾರಿಗಳನ್ನು ತರಾಟೆಗೆ ತೆಗೆದುಕೊಳ್ಳುತ್ತೇವೆ. ಅವರು ಮುಖ್ಯೋಪಾಧ್ಯಾಯರನ್ನು, ಮುಖ್ಯೋಪಾಧ್ಯಾಯರು ಟೀಚರನ್ನು. ಗೋಡೆ ಪತ್ರಿಕೆ ನಿಂತದ್ದರಲ್ಲಿ ಆ ಪಟ್ಟಿಯ ಪಾಲೂ ಇದೆ.

ಆದರೆ ಊರಿಗೆ ಸೇರಿಸಿ ಕಲಿಸಿದರೆ ಅಂಕ ಕಡಿಮೆಯಾಗುತ್ತದೆ ಎನ್ನುವುದು ನನಗೆ ಒಪ್ಪಿಗೆಯಾಗುವುದಿಲ್ಲ. ಗ್ರಾಮಸಭೆಯಲ್ಲಿ ಎದ್ದು ನಿಂತ ಹುಡುಗಿಗೆ ಗ್ರಾಮಸಭೆಯ ಮಹತ್ವ ತಿಳಿಸಿ ಎಂಬ ಪ್ರಶ್ನೆ ಕಷ್ಟವೇ? ಸಂವಿಧಾನದ 73ನೇ ತಿದ್ದುಪಡಿ, ಗ್ರಾಮ ಪಂಚಾಯತಿಗೆ 400 ಜನಸಂಖ್ಯೆಗೆ ಒಬ್ಬ ಸದಸ್ಯ, ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ, ಮತ ಹಾಕಲು 18 ವರ್ಷ, ನಿಲ್ಲಲು 21. ಇವು ಅವಳಿಗೆ ಬಾಯಿಪಾಠದ ಸಾಲುಗಳಲ್ಲ, ತನ್ನ ಊರಿನ ಸಂಗತಿಗಳು. ತನ್ನ ವಾರ್ಡಿನ ಸದಸ್ಯರ ಹೆಸರು ಗೊತ್ತಿಲ್ಲದವರಿಗೆ ಅಲ್ಲವೇ ಇದೆಲ್ಲ ಮರೆತು ಹೋಗುವುದು.

ಟೀಚರು ಸೋತಿಲ್ಲ. ಮೊನ್ನೆ ಮಾತಾಡಿದಾಗ ಮುಂದಿನ ವರ್ಷದ ಹಾಳೆ ಬರೆಯುತ್ತಿದ್ದರು. ಒಂದು ಬದಲಾವಣೆ ಮಾಡಿದ್ದಾರೆ. ಊರಿನ ಕೆಲಸವನ್ನೆಲ್ಲ ಎಂಟು ಮತ್ತು ಒಂಬತ್ತನೇ ತರಗತಿಗೆ ಇಳಿಸಿದ್ದಾರೆ. ಅಲ್ಲಿ ಬೋರ್ಡಿನ ಪರೀಕ್ಷೆಯ ಒತ್ತಡ ಇಲ್ಲ, ಎರಡು ವರ್ಷ ಸಮಯ ಸಿಗುತ್ತದೆ. ಹತ್ತನೇ ತರಗತಿಗೆ ಬರುವ ಹೊತ್ತಿಗೆ ನಕ್ಷೆ, ಸಂದರ್ಶನ, ಕಾಗದ ಓದುವುದು ಎಲ್ಲ ಕೈಗೆ ಬಂದಿರುತ್ತದೆ. ಪಕ್ಕದ ಮೂರು ಹೈಸ್ಕೂಲಿನ ಸಮಾಜ ಶಿಕ್ಷಕರಿಗೂ ಹಾಳೆ ಕಳಿಸಿದ್ದಾರೆ. ಒಬ್ಬರಿಗೆ ಒಬ್ಬರು ಪ್ರಶ್ನೆಪತ್ರಿಕೆಯ ನೀಲನಕ್ಷೆ ಹಂಚಿಕೊಳ್ಳುವ ವಾಟ್ಸಾಪ್ ಗುಂಪು ಮೊದಲೇ ಇತ್ತು. ಈಗ ಅದರಲ್ಲಿ ಊರಿನ ನಕ್ಷೆಗಳೂ ಬರುತ್ತಿವೆಯಂತೆ. ನಾಲ್ಕು ಶಾಲೆ ಸೇರಿದರೆ ಅದೇ ಒಂದು ವಿಭಾಗ.

ಗ್ರಾಮಸಭೆಯ ನಡಾವಳಿಯಲ್ಲಿ ಆ ಹುಡುಗಿಯ ಮಾತು ದಾಖಲಾಗಿದೆಯೇ ಎಂದು ಕೇಳಿದೆ. "ಆಗಿದೆ ಸರ್. ಅವಳೇ ಪಂಚಾಯತಿಗೆ ಹೋಗಿ ಪುಸ್ತಕ ನೋಡಿ ಬಂದಿದ್ದಾಳೆ. ಎರಡು ಸಾಲು ಇದೆ" ಎಂದರು. ಅರ್ಜಿಗಳು ಇನ್ನೂ ಅಲುಗಿಲ್ಲ. ಎರಡು ಸಾಲು ಬರೆದುಕೊಂಡ ಮಾತ್ರಕ್ಕೆ ಹಕ್ಕುಪತ್ರ ಬರುವುದಿಲ್ಲ. ಅಜ್ಜಿ, ಅಪ್ಪ ಎಷ್ಟು ವರ್ಷ ಕಾದರು ಎಂದು ನನಗೆ ಗೊತ್ತು. ಆದರೆ ನಮ್ಮ ಅಜ್ಜಿಯ ಮಾತು ಯಾವ ನಡಾವಳಿಯಲ್ಲೂ ಇಲ್ಲ. ಈ ಹುಡುಗಿಯದು ಇದೆ, ತಾರೀಕಿನ ಸಮೇತ.

ಪಠ್ಯಪುಸ್ತಕದ ಜಗಳ ಮುಂದಿನ ಚುನಾವಣೆಯ ನಂತರ ಮತ್ತೆ ಬರುತ್ತದೆ. ನಾವೂ ವರದಿ ಮಾಡುತ್ತೇವೆ, ಮಾಡಲೇಬೇಕು. ಅದರ ಮಧ್ಯೆ ನಮ್ಮ ಬ್ಯಾಚಿನ, ಹಿಂದುಮುಂದಿನ ಬ್ಯಾಚಿನ ಗೆಳೆಯರಲ್ಲಿ ನನ್ನದೊಂದು ಕೋರಿಕೆ. ನೀವು ಓದಿದ ಹೈಸ್ಕೂಲಿಗೆ ಈ ಜೂನ್‌ನಲ್ಲಿ ಒಮ್ಮೆ ಹೋಗಿ. ಭಾಷಣ ಮಾಡಲು ಬೇಡ, ಬಹುಮಾನ ಕೊಡಲೂ ಬೇಡ. ಸಮಾಜ ಮೇಷ್ಟ್ರನ್ನೋ ಟೀಚರನ್ನೋ ಕಂಡು, ಈ ವರ್ಷದ ಕಾರ್ಯಕ್ರಮದ ಹಾಳೆ ನೋಡಬಹುದಾ ಎಂದು ಕೇಳಿ. ಸಂದರ್ಶನ ಮಾಡುವುದು ಹೇಗೆ, ಟಿಪ್ಪಣಿ ಬರೆಯುವುದು ಹೇಗೆ, ಕಂದಾಯ ರಸೀದಿ, ಪಹಣಿ ಓದುವುದು ಹೇಗೆ, 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನ ಅರ್ಜಿ ಬರೆದು 30 ದಿನ ಕಾಯುವುದು ಹೇಗೆ. ಇದು ನಮಗೆ ದಿನನಿತ್ಯದ ಕೆಲಸ, ಅವರಿಗೆ ಒಂದು ಪಿರಿಯಡ್ಡಿನ ಪಾಠ. ಗೋಡೆ ಪತ್ರಿಕೆಗೆ ಒಂದು ದಿನ ಕೂತು ತಲೆಬರಹ ತಿದ್ದಿ ಕೊಡಿ. ನಿಮ್ಮ ಹತ್ತಿರ ಇರುವ ಊರಿನ ಹಳೇ ವರದಿಗಳ ಒಂದು ಜೆರಾಕ್ಸ್ ಬೀರುವಿನಲ್ಲಿ ಇಟ್ಟು ಬನ್ನಿ.

ಒಂದು ಹುಷಾರು ಮಾತ್ರ. ಮಕ್ಕಳು ಹೇಳಿದ್ದನ್ನು ಸುದ್ದಿ ಮಾಡಲು ಹೋಗಬೇಡಿ. ಅಲ್ಲಿ ಬೀಳುವ ಪೆಟ್ಟು ನಮಗಲ್ಲ, ಆ ಟೀಚರಿಗೆ. ಅದಕ್ಕೇ ನಾನೂ ಶಾಲೆಯ ಹೆಸರು ಇಲ್ಲಿ ಬರೆದಿಲ್ಲ. ಆ ಟೀಚರು ಮುಂದಿನ ವರ್ಷವೂ ಅದೇ ಶಾಲೆಯಲ್ಲಿ ಇರಬೇಕು, ಹಾಳೆಯಲ್ಲಿ ಬರೆದದ್ದನ್ನು ಮಾಡಿಸಬೇಕು. ಈ ಬಾರಿ ಡಿಸೆಂಬರ್‌ನಲ್ಲಿ ಗೋಡೆ ಪತ್ರಿಕೆ ಬರುತ್ತದೆ ಎಂದು ಹೇಳಿದ್ದಾರೆ. ಎಂಟನೇ ತರಗತಿಯವರು ಈಗಾಗಲೇ ಅದಕ್ಕೆ ಹೆಸರು ಹುಡುಕುತ್ತಿದ್ದಾರೆ.